ತಾಯಿಯ ಅಣ್ಣನ ಸಹಿ

"ನೋಡುವ," ಅಂದ ಸೇಸಪ್ಪ, ಅರ್ಧ ಮುಖಕ್ಕೆ ಸಾಬೂನು ಹಚ್ಚಿಕೊಂಡು.

ಕನ್ನಡಿಯಲ್ಲಿ ಅವನ ಹೆಗಲಿನಾಚೆ ಜಗಲಿಯ ಬೆಂಚು ಕಾಣುತ್ತಿತ್ತು. ತಂಗಿಯ ಗಂಡ ದುಗ್ಗಪ್ಪ ಕೋಟನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದ. ಇಡೀ ಬೆಂಚು ಖಾಲಿಯಿತ್ತು. ಹೆಂಡತಿಯ ಅಣ್ಣನ ಮನೆಯಲ್ಲಿ ತುದಿಯಲ್ಲಿ ಕೂರಬೇಕೆಂದು ಯಾರೂ ಅವನಿಗೆ ಹೇಳಿಕೊಟ್ಟದ್ದಲ್ಲ. ಹದಿನಾರು ವರ್ಷದಿಂದ ಸಿಲೋನಿನ ಕೊಲಂಬಿನಲ್ಲಿ ಚಹಾ ಕಂಪೆನಿಯ ಗುಮಾಸ್ತನಾಗಿದ್ದವನು, ದೊರೆಗಳ ಎದುರು ಕುರ್ಚಿ ಎಳೆದು ಕೂರಲು ಕಲಿತವನು, ಕಂಕನಾಡಿಯ ಈ ಬಾಡಿಗೆ ಮನೆಯಲ್ಲಿ ಮಾತ್ರ ಬೆಂಚಿನ ಕಾಲುಭಾಗಕ್ಕೆ ತೃಪ್ತನಾಗಿದ್ದ.

"ನೋಡುವ ಅಂದ್ರೆ, ಭಾವ, ಗಾಡಿ ಆರೂ ಇಪ್ಪತ್ತಕ್ಕೆ ಉಂಟು."

"ಗೊತ್ತುಂಟು."

"ಅವಸರ ಮಾಡುವುದಲ್ಲ."

"ಛೆ, ಅವಸರ ಎಂತದ್ದು."

ಕತ್ತಿ ಕರಕರ ಎಂದು ಗಲ್ಲದ ಮೇಲೆ ಇಳಿಯಿತು.

ಆಗಬೇಕಾದದ್ದು ಇಷ್ಟೇ. ದುಗ್ಗಪ್ಪನ ಮಗಳು ಹೇಮಾಕ್ಷಿಗೆ ಹದಿನಾಲ್ಕು ವರ್ಷ. ಸೇಸಪ್ಪನ ಮನೆಯಲ್ಲಿದ್ದುಕೊಂಡು ಮಂಗಳೂರಿನಲ್ಲಿ ಓದುತ್ತಿದ್ದಳು. ಡಾಕ್ಟರಾಗುವ ಆಸೆ. ಇಲ್ಲಿಯೇ ಓದಿದರೆ ಎಸ್.ಎಸ್.ಎಲ್.ಸಿ., ಆಮೇಲೆ ಇಂಟರು, ಆಮೇಲೆ ಮದರಾಸಿನ ಬಾಗಿಲಲ್ಲಿ ಕಾಯುವುದು. ಕೊಲಂಬಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಮೂರು ವರ್ಷ ಕೂತು ಲಂಡನ್ನಿನ ಮೆಟ್ರಿಕ್ಯುಲೇಶನ್ ದಾಟಿದರೆ ಯೂನಿವರ್ಸಿಟಿಗೆ ನೆಟ್ಟಗೆ ದಾರಿ. ದುಗ್ಗಪ್ಪ ತಾನೇ ಹೋಗಿ ಸೀಟು ಕೇಳಿದ್ದ. ಸಿಕ್ಕಿತ್ತು. ಆದರೆ ಫಾರಮಿನಲ್ಲಿ 'ತಂದೆ ಅಥವಾ ಗಾರ್ಡಿಯನ್' ಎಂದಿದ್ದಲ್ಲಿ ಅವನು 'ತಂದೆ'ಯ ಮೇಲೆ ಗೀಟು ಹಾಕಿ, ಸೇಸಪ್ಪ, ಬಿ.ಎ., ಎಲ್.ಟಿ., ತಾಯಿಯ ಅಣ್ಣ, ಎಂದು ಬರೆದುಕೊಟ್ಟಿದ್ದ. ಅಳಿಯಸಂತಾನದ ಮನೆಯ ಮಗು ತಾಯಿಯ ಕುಟುಂಬದ್ದು. ಅದರ ಓದು, ಮದುವೆ, ಊರು ಬಿಡುವುದು ಎಲ್ಲ ತಾಯಿಯ ಅಣ್ಣನ ಬಾಯಿಂದ ಬರಬೇಕು. ಬೇರೆ ಏನನ್ನಾದರೂ ಬರೆಯಬಹುದಿತ್ತೆಂದು ದುಗ್ಗಪ್ಪನಿಗೆ ಹೊಳೆದೇ ಇರಲಿಲ್ಲ.

"ಅಲ್ಲಿಯ ಸ್ಕೂಲಿನ ಹೆಡ್ಮಿಸ್ಟ್ರೆಸ್ಸಮ್ಮ ಕೇಳಿದ್ದು ಎಂತ ಗೊತ್ತುಂಟಾ?" ಅವನು ನಗಾಡಿದ. "ಹುಡುಗಿಯ ತಂದೆ ತೀರಿಹೋಗಿದ್ದಾರಾ ಅಂತ. ನಾನು ಎದುರೇ ನಿಂತಿದ್ದೇನೆ ಮಾರಾಯ್ರೆ, ಟೋಪಿ ಕೈಯಲ್ಲಿ ಹಿಡ್ಕೊಂಡು."

"ನೀವೆಂತ ಹೇಳಿದಿರಿ?"

"ಇದ್ದಾನೆ, ಆದರೆ ಅವನ ಮಾತು ನಡೆಯುವುದಿಲ್ಲ ಅಂದೆ."

ಹೆಡ್ಮಿಸ್ಟ್ರೆಸ್ಸಮ್ಮ ಕಾಗದ ಬರೆದಿದ್ದಳು. ಗಾರ್ಡಿಯನ್ನರ ಒಪ್ಪಿಗೆಯ ಪತ್ರ ಹುಡುಗಿಯ ಸಂಗಡವೇ ಬರತಕ್ಕದ್ದು. ತಂದೆ ಜೀವಂತರಿರುವುದರಿಂದ ಅವರ ಪತ್ರವೂ ಸಾಕು. ಕೊನೆಯ ಸಾಲನ್ನು ದುಗ್ಗಪ್ಪ ಓದಿದ್ದ. ಅವರಿಗೆ ನಮ್ಮ ಕ್ರಮ ಎಲ್ಲಿ ಗೊತ್ತುಂಟು, ಎಂದು ಬದಿಗೆ ಸರಿಸಿದ್ದ. ಒಪ್ಪಿಗೆಯ ಪತ್ರವನ್ನು ಆಫೀಸಿನಲ್ಲಿ ಟೈಪು ಮಾಡಿಸಿ, ಸಹಿಯ ಜಾಗವನ್ನು ಖಾಲಿ ಬಿಟ್ಟು, ಕಡಲು ದಾಟಿ, ಎರಡು ದಿನ ರೈಲಿನಲ್ಲಿ ಕೂತು ಬಂದಿದ್ದ. ಬಂದು ಒಂಬತ್ತು ದಿನವಾಗಿತ್ತು. ಈವತ್ತು ಹಿಂದೆ ಹೋಗುವ ದಿನ. ಒಂಬತ್ತು ದಿನವೂ ಸೇಸಪ್ಪ 'ನೋಡುವ' ಅಂದಿದ್ದ.

ಮುಖ ತೊಳೆದುಕೊಂಡು ಬಂದು ಅವನು ಆ ಪತ್ರವನ್ನು ಮತ್ತೊಮ್ಮೆ ಓದಿದ. ಇಂಗ್ಲಿಷಿನಲ್ಲಿ ಒಂದು ಸಣ್ಣ ತಪ್ಪಿತ್ತು. ಅದನ್ನು ತಿದ್ದಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದ.

ಎಂಟು ಗಂಟೆಗೆ ತಂಗಿ ರಾಜೀವಿ ಬಜಪೆಯಿಂದ ಮೊದಲ ಬಸ್ಸಿನಲ್ಲಿ ಬಂದಿಳಿದಳು. ಕಂಕುಳಲ್ಲಿ ಉಪ್ಪಿನಕಾಯಿಯ ಭರಣಿ, ಕಾಲಿನ ಉಗುರುಗಳಲ್ಲಿ ಗದ್ದೆಯ ಕೆಸರು. ಸುಗ್ಗಿ ಬೆಳೆಯ ನಾಟಿಯ ಸಮಯ, ನೇಜಿಯ ಎಳೆ ಸಸಿಗಳನ್ನು ಕಿತ್ತು ನೆಡುವ ಹೊತ್ತು. ಮನೆಯ ಹೆಂಗಸೇ ಗದ್ದೆಯ ಅಂಚಿನ ಕಟ್ಟಹುಣಿಯ ಮೇಲೆ ನಿಂತಿರದಿದ್ದರೆ ಸಾಲು ಸೊಟ್ಟಾಗುತ್ತದೆಂದು ನಂಬಿದವಳು. ಗಂಡನನ್ನು ಅರೆಗಳಿಗೆ ನೋಡಿದಳು. ಅವನು ಬೆಂಚಿನಲ್ಲಿ ಇನ್ನಷ್ಟು ಸರಿದು ಕೂತ.

"ನೇಜಿ ತೆಗೆಯುವವರನ್ನು ಗದ್ದೆಯಲ್ಲೇ ಬಿಟ್ಟು ಬಂದಿದ್ದೇನೆ, ಅಣ್ಣ. ಹೌದೋ ಅಲ್ಲವೋ, ಒಂದು ಹೇಳಿಬಿಡಿ."

"ಕೂತ್ಕೋ. ಕಾಪಿ ಕುಡಿ."

"ಕಾಪಿ ಆಮೇಲೆ."

"ನಿನಗೆ ಎಂತ ಕಾಣ್ತದೆ?"

"ನನಗೆ ಕಾಣುವುದನ್ನು ಯಾರು ಕೇಳ್ತಾರೆ? ಇರುವುದು ಒಂದು ಹೆಣ್ಣು. ಮನೆ ಮುಂದೆ ನಡೆಯಬೇಕಾದದ್ದು ಅವಳ ಹೊಟ್ಟೆಯಿಂದ. ನೇಜಿ ಕಿತ್ತು ಪರರ ಗದ್ದೆಯಲ್ಲಿ ನೆಟ್ಟರೆ ಪೈರು ಯಾರ ಅಂಗಳಕ್ಕೆ ಬರ್ತದೆ?"

ಸೇಸಪ್ಪನ ಎದೆ ಹಗುರವಾಯಿತು. ಒಂಬತ್ತು ದಿನದಿಂದ ಅವನು ಕಾಯುತ್ತಿದ್ದದ್ದು ಇಂಥ ಒಂದು ಮಾತಿಗೆ. "ಹಾಗಾದರೆ ಬೇಡ ಅಂತ ನಿನ್ನ ಅಭಿಪ್ರಾಯ," ಅಂದ, ಆದಷ್ಟು ದುಃಖದಿಂದ.

"ಬೇಡ ಅಂತ ನಾನೆಲ್ಲಿ ಹೇಳಿದೆ? ಹೆದರಿಕೆ ಆದದ್ದನ್ನು ಹೇಳಿದೆ. ಹೆದರಿಕೆ ಆಗ್ತದೆ ಅಂತ ಯಾರಾದರೂ ನೆಡದೆ ಬಿಡ್ತಾರಾ?" ಅವಳು ಭರಣಿಯನ್ನು ನೆಲಕ್ಕಿಟ್ಟು, ಬಾಯಿಗೆ ಕಟ್ಟಿದ ಬಟ್ಟೆಯನ್ನು ಬಿಗಿದಳು. "ಇದು ಅವಳಿಗೆ. ಅಲ್ಲಿ ಎಲ್ಲದಕ್ಕೂ ತೆಂಗಿನ ಹಾಲು ಹಾಕ್ತಾರಂತೆ."

ತಂಗಿಯ ಹಿಂದೆ ಅಡಗಿಕೊಳ್ಳಲು ಆಗಲಿಲ್ಲ. ಅವಳು ಒಳಗೆ ಹೋಗಿ ಮಗಳ ಸೀರೆಗಳನ್ನು ಮಡಚತೊಡಗಿದಳು. ಇನ್ನೂ ಒಪ್ಪಿಗೆ ಸಿಗದ ಪ್ರಯಾಣಕ್ಕೆ ಅವಳು ಅಷ್ಟು ನೀಟಾಗಿ ಸೀರೆ ಮಡಚುವುದನ್ನು ಕಂಡು ಅವನಿಗೆ ಸಿಟ್ಟು ಬಂತು. ಬಂದದ್ದು ಯಾರ ಮೇಲೆ ಎಂದು ತಿಳಿಯಲಿಲ್ಲ.

ಸೇಸಪ್ಪ ಈ ಕಟ್ಟಳೆಯನ್ನು ನಂಬುವವನಲ್ಲ. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುವವನು. ಪುರಾತನ ಸಮಾಜಗಳ ಅವಶೇಷಗಳ ಬಗ್ಗೆ ಪಾಠ ಮಾಡುವಾಗ ತನ್ನ ಮನೆಯನ್ನೇ ಉದಾಹರಣೆ ಕೊಟ್ಟು ಹುಡುಗರನ್ನು ನಗಿಸುವವನು. ಅವನ ಹೆಂಡತಿ ಕುಶಲಾ ಮಕ್ಕಳನ್ನು ಕರೆದುಕೊಂಡು ತನ್ನ ಅಣ್ಣನಲ್ಲಿಗೆ ಹೋಗಿದ್ದಳು. ಆ ಮಕ್ಕಳು ಏನು ಓದಬೇಕೆಂಬುದು ಅಲ್ಲಿ, ಆ ಅಣ್ಣನ ಜಗಲಿಯಲ್ಲಿ ತೀರ್ಮಾನವಾಗುತ್ತಿತ್ತು. ಅದನ್ನೂ ಅವನು ತಮಾಷೆಯಾಗಿ ಹೇಳುತ್ತಿದ್ದ. ದುಗ್ಗಪ್ಪ ನಂಬುತ್ತಾನೆ. ದುಗ್ಗಪ್ಪ ನಂಬುವುದರಿಂದ ಮಾತ್ರ ಈ ಪತ್ರ ತನ್ನ ಮೇಜಿನ ಮೇಲಿದೆ.

ನೀವೇ ಬರೆಯಿರಿ ಭಾವ, ನಿಮ್ಮ ಮಗಳು, ಎಂದರೆ ಸಾಕಿತ್ತು. ಒಂದು ಸಾಲು.

ಮಧ್ಯಾಹ್ನ ಊಟವಾದ ಮೇಲೆ ಅವನು ಬಾಗಿಲು ಓರೆ ಮಾಡಿ ಸಂಜೆಯ ಭಾಷಣವನ್ನು ತೆಗೆದು ಕೂತ. ಹಂಪನಕಟ್ಟೆಯ ಹತ್ತಿರದ ವಾಚನಾಲಯದಲ್ಲಿ ನಾಲ್ಕೂವರೆಗೆ ಅವನ ಉಪನ್ಯಾಸವಿತ್ತು. ವಿಷಯ: ಹೈಸ್ಕೂಲಿನಿಂದಲೇ ಪರದೇಶದಲ್ಲಿ ಓದುವುದರಿಂದ ಆಗುವ ಪ್ರಯೋಜನಗಳು. ಎರಡು ತಿಂಗಳ ಹಿಂದೆ, ಸೀಟು ಸಿಕ್ಕಿತೆಂದು ದುಗ್ಗಪ್ಪನ ಕಾಗದ ಬರುವ ಮೊದಲು, ಅವನೇ ಆರಿಸಿಕೊಂಡ ವಿಷಯ. ಊರಿನಲ್ಲಿ ಇದರ ಬಗ್ಗೆ ಅಧಿಕಾರದಿಂದ ಮಾತಾಡಬಲ್ಲವನು ಅವನೊಬ್ಬನೇ ಎಂದು ಎಲ್ಲರಿಗೂ ಗೊತ್ತಿತ್ತು. ಯಾಕೆಂದರೆ ಅವನು ಹೋಗಿರಲಿಲ್ಲ.

ಅವನಿಗೆ ಹದಿನೈದು ವರ್ಷವಾಗಿದ್ದಾಗ, ಸಾವಿರದ ಒಂಬೈನೂರ ಹತ್ತನೆಯ ಇಸವಿಯಲ್ಲಿ, ಶಾಲೆಯ ಒಬ್ಬ ಪಾದ್ರಿ ಕಡಲಾಚೆಯ ತನ್ನ ಊರಿಗೆ ಕರೆದುಕೊಂಡು ಹೋಗಿ ಓದಿಸುತ್ತೇನೆ ಅಂದಿದ್ದ. ತಾಯಿಯ ಅಣ್ಣ ಚೆನ್ನಪ್ಪ ಮಾವ ಆಗ ಮನೆಯ ಯಜಮಾನ. ಮಾವ ಬೇಡ ಎನ್ನಲಿಲ್ಲ. ನೋಡುವ ಅಂದ. ಹಡಗು ಹೋಗುವವರೆಗೆ ನೋಡಿದ. ಆ ದಿವಸ ಸೇಸಪ್ಪನ ಅಪ್ಪನೂ ಬಂದಿದ್ದ. ಜಗಲಿಯ ತುದಿಯಲ್ಲಿ ಕೂತು, ಕೊಟ್ಟ ಮಜ್ಜಿಗೆ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು, ಮಗನ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಹೋಗಿಬಿಟ್ಟಿದ್ದ.

ಆಮೇಲಿನ ಇಪ್ಪತ್ತಾರು ವರ್ಷ ಸೇಸಪ್ಪ ಒಂದು ವಾಕ್ಯವನ್ನು ನಂಬಿಕೊಂಡು ಬದುಕಿದ್ದ. ಅವತ್ತು ಹೋಗಲು ಬಿಟ್ಟಿದ್ದರೆ. ಹೆಡ್ಮಾಸ್ಟರ ಹುದ್ದೆ ಎರಡು ಸಲ ತಪ್ಪಿದಾಗ, ಬರೆಯಬೇಕೆಂದಿದ್ದ ಚರಿತ್ರೆಯ ಪುಸ್ತಕ ಮೊದಲ ಅಧ್ಯಾಯ ದಾಟದೆ ನಿಂತಾಗ, ಮಾಸ್ತರರ ಕೋಣೆಯಲ್ಲಿ ಅವನು ಅಷ್ಟು ಹೇಳಿ ನಿಲ್ಲಿಸುತ್ತಿದ್ದ. ಉಳಿದವರು ತಲೆಯಾಡಿಸುತ್ತಿದ್ದರು. ಅವರ ಆ ಗೌರವ ಸುಳ್ಳಲ್ಲ. ಹೋಗದೆ ಉಳಿದವನೆಂದು ಅವನಿಗೊಂದು ಎತ್ತರವಿತ್ತು; ಹೋಗಿ ಬಂದ ಯಾವ ಬ್ಯಾರಿಸ್ಟರನಿಗೂ ಅಂಥದ್ದು ಇರಲಿಲ್ಲ.

ಬಾಗಿಲು ತಳ್ಳಿಕೊಂಡು ಹೇಮಾಕ್ಷಿ ಬಂದಳು. ಕೈಯಲ್ಲಿ ಭಾಷಣದ ನಕಲು. ಅವಳ ಅಕ್ಷರ ಚೆನ್ನಾಗಿದ್ದುದರಿಂದ ಅವನ ಭಾಷಣಗಳನ್ನೆಲ್ಲ ಅವಳೇ ಶುದ್ಧಪ್ರತಿ ಮಾಡುತ್ತಿದ್ದಳು.

"ಹದಿನಾಲ್ಕು ಪುಟ ಆಯಿತು, ಮಾವ."

"ಇಡು."

ಅವಳು ಇಟ್ಟಳು. ಹೋಗಲಿಲ್ಲ.

"ಎಂತ?"

"ಒಂದು ಕಾರಣ ಬಿಟ್ಟಿದ್ದೀರಿ."

"ಯಾವುದು? ಭಾಷೆ ಸಣ್ಣದರಲ್ಲಿ ನಾಲಗೆಗೆ ಹತ್ತುತ್ತದೆ ಅಂತ ಬರೆದಿದ್ದೇನೆ. ಯೂನಿವರ್ಸಿಟಿಗೆ ಹೋದಾಗ ಹೊಸಬನಾಗಿ ಬೆದರುವುದಿಲ್ಲ, ಅದನ್ನೂ ಬರೆದಿದ್ದೇನೆ. ಅಲ್ಲಿಯ ಪರೀಕ್ಷೆ, ಅಲ್ಲಿಯ ಪುಸ್ತಕ, ಪ್ರಯೋಗಶಾಲೆ..."

"ಅದೆಲ್ಲ ಉಂಟು." ಅವಳು ಮೇಜಿನ ಅಂಚನ್ನು ನೋಡುತ್ತ ಹೇಳಿದಳು. "ಅಲ್ಲಿ ನಮ್ಮನ್ನು ಯಾರಿಗೂ ಗೊತ್ತಿರುವುದಿಲ್ಲ. ಅದು ಇಲ್ಲ."

"ಅದು ಪ್ರಯೋಜನ ಹೇಗಾಗ್ತದೆ?"

"ಗೊತ್ತಿಲ್ಲ. ಬರೆಯುವಾಗ ಹಾಗೆ ಕಂಡಿತು." ಪುಟಗಳ ಅಂಚನ್ನು ಸರಿಮಾಡಿ, "ಮಾವ, ನೀವು ಇದನ್ನೆಲ್ಲ ನಿಜವಾಗಿ ಹೌದು ಅಂತ ಬರೆದದ್ದಾ?"

"ಸುಳ್ಳು ಅಂತ ಬರೀತಾರಾ ಯಾರಾದರೂ?"

"ಹಾಗಾದರೆ ನಾನು ಹೊರಡುವುದಾ?"

ಹುಡುಗಿಯ ಕೇಳುವ ಕ್ರಮದಲ್ಲಿ ಬೇಡಿಕೆಯಿರಲಿಲ್ಲ. ಗಣಿತದ ಲೆಕ್ಕ ಸರಿಯಾಗಿದೆಯೋ ಎಂದು ವಿಚಾರಿಸುವ ಹಾಗಿತ್ತು. ಸೇಸಪ್ಪ ಕನ್ನಡಕ ತೆಗೆದು ಒರೆಸಿದ. ಈ ಹುಡುಗಿ ಮೂರು ವರ್ಷದಲ್ಲಿ ಲಂಡನ್ನಿನ ಪರೀಕ್ಷೆ ದಾಟುತ್ತಾಳೆ. ಸೋಲಲೂಬಹುದು, ಸೋತು ಬಂದರೆ, ಪರದೇಶಕ್ಕೆ ಹೋದರೂ ಮನುಷ್ಯ ಸೋಲಬಹುದೆಂದು ಊರಿಗೆಲ್ಲ ಗೊತ್ತಾಗುತ್ತದೆ. ಗೆದ್ದು ಬಂದರೆ, ಹೋಗುವುದು ಇಷ್ಟು ಸುಲಭವಿತ್ತೆಂದು ಗೊತ್ತಾಗುತ್ತದೆ. ಒಂದು ಸಹಿ. ಯಾವ ಬಗೆಯಲ್ಲಿ ಎಣಿಸಿದರೂ ನಷ್ಟವಾಗುತ್ತಿದ್ದುದು ಅವಳಿಗಲ್ಲ, ತನಗೆ.

ಈ ಯೋಚನೆಯಿಂದ ಅವನಿಗೆ ಗಾಬರಿಯಾಗಲಿಲ್ಲ. ಗಾಬರಿಯಾಗದಿದ್ದುದು ಸ್ವಲ್ಪ ವಿಚಿತ್ರವೆನಿಸಿತು.

"ಸ್ಟೇಶನ್ನಿಗೆ ಬರ್ತೇನೆ," ಅಂದ. "ನೀವೆಲ್ಲ ಸಾಮಾನು ತೆಗೊಂಡು ಹೋಗಿರಿ."

ಅವಳು ಹೂಂ ಅಂದಳು. ಹೌದೆಂದು ತಿಳಿದುಕೊಂಡಳೋ, ಅಲ್ಲವೆಂದೋ, ಅವಳ ಬೆನ್ನಿನಿಂದ ತಿಳಿಯಲಿಲ್ಲ.

ವಾಚನಾಲಯದಲ್ಲಿ ನಲವತ್ತು ಜನ ಸೇರಿದ್ದರು. ಒಪ್ಪಿಗೆಯ ಪತ್ರ ಕೋಟಿನ ಒಳಕಿಸೆಯಲ್ಲಿತ್ತು. ಉಸಿರೆಳೆದುಕೊಂಡಾಗಲೆಲ್ಲ ಅದರ ಮಡಿಕೆ ಎದೆಗೆ ತಾಗುತ್ತಿತ್ತು.

ಸೇಸಪ್ಪ ಚೆನ್ನಾಗಿ ಮಾತಾಡಿದ. ಹೇಮಾಕ್ಷಿಯ ದುಂಡಗಿನ ಅಕ್ಷರಗಳನ್ನು ಓದುವುದು ಸುಲಭವಾಗಿತ್ತು. ಬಿ.ಎ. ಮುಗಿಸಿ ಹೋಗುವವನು ಅಲ್ಲಿ ಅತಿಥಿ. ಹೈಸ್ಕೂಲಿಗೇ ಹೋಗುವವನು ಅಲ್ಲಿಯ ಮಗು, ಅಂದ. ಎಳೆಯದರಲ್ಲಿ ಕಿತ್ತು ನೆಟ್ಟ ನೇಜಿ ಬೇರು ಬಿಡುತ್ತದೆ, ಕದಿರು ಹೊತ್ತದ್ದನ್ನು ಕಿತ್ತರೆ ಒಣಗುತ್ತದೆ, ಅಂದ. ಬರೆದ ಭಾಷಣದಲ್ಲಿ ಇದಿರಲಿಲ್ಲ. ಬಾಯಿಗೆ ತಾನಾಗಿ ಬಂದಿತ್ತು. ಜನ ಮೆಚ್ಚಿ ಗುಜುಗುಜು ಮಾಡಿದರು. ತಂಗಿಯ ಮಾತನ್ನು ಕದ್ದು ತಿರುಗಿಸಿಟ್ಟಿದ್ದೇನೆಂದು ಚಪ್ಪಾಳೆಯ ನಡುವೆ ಅವನಿಗೆ ಗೊತ್ತಾಯಿತು. ಆದರೂ ಸಂತೋಷವೇ ಆಯಿತು.

ಕೊನೆಗೆ, ಬಂದರಿನಲ್ಲಿ ಹಂಚಿನ ವ್ಯಾಪಾರ ಮಾಡುವ ಕಮರುದ್ದೀನ್ ಎದ್ದು ನಿಂತ. ಓದು ಕಡಿಮೆ, ಆದರೆ ವಾಚನಾಲಯಕ್ಕೆ ತಪ್ಪದೆ ಬರುವವನು.

"ಮಾಸ್ಟ್ರೇ, ಭಾರೀ ಲಾಯಕ್ಕಾಯಿತು. ಒಂದು ಸಂಶಯ. ನೀವು ಯಾರನ್ನು ಕಳಿಸ್ತೀರಿ?"

ಜನ ನಕ್ಕರು.

"ಯೋಗ್ಯರನ್ನು," ಅಂದ ಸೇಸಪ್ಪ.

"ಅದಲ್ಲ ಮಾರಾಯ್ರೆ, ನಿಮ್ಮ ಮನೆಯಿಂದ."

"ಪ್ರಶ್ನೆ ತಾತ್ವಿಕವಾಗಿರಲಿ, ಕಮರುದ್ದೀನ್ ಸಾಹೇಬ್ರೇ."

"ಹಾಗಂದ್ರೆ ಎಂತ?"

ಮತ್ತೆ ನಗು. ಈ ಸಲ ಜೋರಾಗಿ. ಸೇಸಪ್ಪನೂ ನಕ್ಕ. ಅಧ್ಯಕ್ಷರು ಎದ್ದು ವಂದನೆ ಹೇಳುವಾಗ, ನಮ್ಮ ಸೇಸಪ್ಪನವರನ್ನು ಅವತ್ತು ಹೋಗಲು ಬಿಟ್ಟಿದ್ದರೆ, ಎಂದು ಶುರುಮಾಡಿದರು. ಅವನು ತಲೆ ತಗ್ಗಿಸಿ, ಅಂಥ ಮಾತು ಕೇಳುವಾಗ ಇರಬೇಕಾದ ಮುಖವನ್ನು ಮಾಡಿಕೊಂಡ. ಮಾಡಿಕೊಳ್ಳುತ್ತಿದ್ದೇನೆಂದು ಮೊದಲ ಬಾರಿ ಗೊತ್ತಾಯಿತು. ಮುಖ ಮಾತ್ರ ಬದಲಾಗಲಿಲ್ಲ.

ಅಲ್ಲಿಂದ ಸ್ಟೇಶನ್ನಿಗೆ ಹತ್ತು ನಿಮಿಷದ ನಡಿಗೆ. ಅವನು ಅರ್ಧ ಗಂಟೆ ತೆಗೆದುಕೊಂಡ.

ಗಾಡಿ ನಿಂತಿತ್ತು. ಮೂರನೆಯ ತರಗತಿಯ ಡಬ್ಬಿಯ ಎದುರು ದುಗ್ಗಪ್ಪ ಟೋಪಿ ಹಾಕಿಕೊಂಡು ನಿಂತಿದ್ದ; ಪ್ಲಾಟ್‌ಫಾರ್ಮಿನಲ್ಲಿ ಅವನು ಬೇರೆಯೇ ಮನುಷ್ಯನಂತೆ, ಎತ್ತರವಾಗಿ ಕಂಡ. ಸೇಸಪ್ಪನನ್ನು ಕಂಡೊಡನೆ ಟೋಪಿ ತೆಗೆದ. ರಾಜೀವಿಯೂ ಪಕ್ಕದಲ್ಲಿದ್ದಳು; ಬಜಪೆಗೆ ಹಿಂದಿರುಗುವ ಹತ್ತು ಗಂಟೆಯ ಬಸ್ಸಿಗೂ ಹೋಗಿರಲಿಲ್ಲ, ಎರಡು ಗಂಟೆಯದ್ದಕ್ಕೂ ಹೋಗಿರಲಿಲ್ಲ. ಹೇಮಾಕ್ಷಿ ಕಿಟಕಿಯ ಹೊರಗೆ ನಿಂತು, ಒಳಗಿರುವ ತನ್ನ ಖಾಲಿ ಜಾಗವನ್ನು ನೋಡುತ್ತಿದ್ದಳು. ಯಾರೂ ಅವಳಿಗೆ ಹತ್ತು ಎಂದಿರಲಿಲ್ಲ.

"ಟಿಕೇಟು ಎರಡು ತೆಗೆದಿದ್ದೇನೆ, ಭಾವ," ದುಗ್ಗಪ್ಪ ತಪ್ಪೊಪ್ಪಿಕೊಳ್ಳುವವನ ಹಾಗೆ ಹೇಳಿದ. "ನೀವು ಬೇಡ ಅಂದ್ರೆ ಒಂದನ್ನು ಹಿಂದೆ ಕೊಟ್ಟರಾಯಿತು."

"ಬೇಡ ಅಂತ ಹೇಳಲಿಲ್ಲ."

"ಹಾಗಾದ್ರೆ..."

"ಭಾಷಣ ಹೇಗಾಯಿತು, ಅಣ್ಣ?" ರಾಜೀವಿ ನಡುವೆ ಬಾಯಿಹಾಕಿದಳು. ಅವಳ ದನಿಯಲ್ಲಿ ವ್ಯಂಗ್ಯವಿತ್ತೋ ಇಲ್ಲವೋ. "ಜನ ಹೌದು ಅಂದ್ರಾ?"

"ಅಂದರು."

"ಅವರು ಅಂದ ಮೇಲೆ ಇನ್ನೆಂತ?"

ಸೇಸಪ್ಪ ಪತ್ರವನ್ನು ಹೊರತೆಗೆದ. ಎಲ್ಲರೂ ಅದನ್ನೇ ನೋಡಿದರು. ಬಿಡಿಸಿ, ಸಹಿಯ ಖಾಲಿ ಜಾಗದ ಮೇಲೆ ಹೆಬ್ಬೆರಳಿಟ್ಟು ಹಿಡಿದ.

"ಬೇಕಾದ್ರೆ," ಅವನು ದುಗ್ಗಪ್ಪನಿಗೆ ಹೇಳತೊಡಗಿದ, "ಬೇಕಾದ್ರೆ ಭಾವ, ನೀವೇ..."

"ನಾನೇ ಎಂತ?"

ದುಗ್ಗಪ್ಪನ ಕಣ್ಣಿನಲ್ಲಿ ಸಂಶಯದ ಎಳೆಯೂ ಇರಲಿಲ್ಲ. ಅಪ್ಪಣೆಗೆ ಕಾಯುವ ಮನುಷ್ಯನ ಕಣ್ಣು. ಸೇಸಪ್ಪ ಮಾತು ಬದಲಿಸಿದ.

"ನೀವೇ ಹುಡುಗಿಯನ್ನು ನೋಡಿಕೊಳ್ಳಬೇಕಲ್ಲ, ಅಲ್ಲಿ."

"ಓ, ಅದು ಬಿಡಿ. ನನ್ನ ಜೀವ ಇರುವವರೆಗೆ."

"ಸಹಿಗೆ..." ಸೇಸಪ್ಪ ಎದೆ ಮುಟ್ಟಿಕೊಂಡ. "ಪೆನ್ನಿನಲ್ಲಿ ಶಾಯಿ ಇಲ್ಲ."

ಕಿಸೆಯಲ್ಲಿದ್ದ ಪೆನ್ನಿನಲ್ಲಿ ಶಾಯಿ ತುಂಬಿತ್ತು. ಹೇಮಾಕ್ಷಿ ಅದರ ಕ್ಲಿಪ್ಪನ್ನು ನೋಡಿದಳು. ಆಮೇಲೆ ಅವನ ಮುಖವನ್ನು.

"ಪಾರ್ಸೆಲ್ ಆಫೀಸಿನಲ್ಲಿ ಇರ್ತದೆ. ಈಗ ಬಂದೆ," ಅಂದು ಅವನು ನಡೆದ. ಬೆನ್ನ ಹಿಂದೆ ದುಗ್ಗಪ್ಪ, ಇನ್ನೂ ಎಂಟು ನಿಮಿಷ ಉಂಟು, ಎಂದು ಹೆಂಡತಿಗೆ ಸಮಾಧಾನ ಹೇಳುವುದು ಕೇಳಿಸಿತು.

ಪಾರ್ಸೆಲ್ ಆಫೀಸಿನ ಗುಮಾಸ್ತ ಅವನ ಹಳೆಯ ವಿದ್ಯಾರ್ಥಿ. ಎದ್ದು ನಿಂತು, ಕೇಳುವ ಮೊದಲೇ ಶಾಯಿಯ ದೌತಿಯನ್ನು ಮುಂದೆ ತಳ್ಳಿದ. ಸೇಸಪ್ಪ ಅದನ್ನು ನೋಡಿದ, ಥ್ಯಾಂಕ್ಸ್ ಅಂದ, ಹೊರಗೆ ಬಂದ. ಹೊರಬಂದವನು ಗಾಡಿಯ ಕಡೆ ಹೋಗಲು ಬಲಕ್ಕೆ ತಿರುಗಬೇಕಿತ್ತು. ಎಡಕ್ಕೆ ತಿರುಗಿದ.

ಪ್ಲಾಟ್‌ಫಾರ್ಮು ಇಳಿದು ಮುಗಿದಲ್ಲಿ ಜಲ್ಲಿ, ಅದರಾಚೆ ದೊಡ್ಡದೊಂದು ದುಂಡಗಿನ ಗುಂಡಿ. ಮಂಗಳೂರಿಗೆ ಹಳಿ ಮುಗಿಯುವುದರಿಂದ ಬಂದ ಎಂಜಿನನ್ನು ಇಲ್ಲಿಯೇ ತಿರುಗಿಸಬೇಕು. ಗುಂಡಿಯ ಅಡ್ಡಕ್ಕೆ ಕಬ್ಬಿಣದ ಸೇತುವೆ, ಸೇತುವೆಯ ಮೇಲೆ ಅದರಷ್ಟೇ ಉದ್ದದ ಹಳಿ, ಹಳಿಯ ಮೇಲೆ ಮಧ್ಯಾಹ್ನದ ಗಾಡಿ ಎಳೆದು ತಂದಿದ್ದ ಎಂಜಿನು. ಆರು ಜನ ಕೂಲಿಯವರು ಸೇತುವೆಯ ಎರಡೂ ತುದಿಯ ಮರದ ಕೈಗಳಿಗೆ ಎದೆಕೊಟ್ಟು ತಳ್ಳುತ್ತಿದ್ದರು. ಅಷ್ಟು ದೊಡ್ಡ ಎಂಜಿನು ಸದ್ದಿಲ್ಲದೆ, ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ, ಬೆರಳಷ್ಟು ಬೆರಳಷ್ಟು ತಿರುಗುತ್ತಿತ್ತು.

ಅರ್ಧ ತಿರುಗಿದಲ್ಲಿ ಅದು ನಿಂತಿತು.

"ಹಿಡಿಯಿತಾ, ಸಿಕ್ಕಿಕೊಂಡಿತಾ?" ಹಿಂದಿನ ಕೂಲಿಯವನು ಕೇಳಿದ.

"ಹಿಡಿಯಲಿಲ್ಲ. ದಮ್ಮು ತೆಗೊಳ್ಳುವ ಮಾರಾಯ," ಮುಂದಿನವನು ಬೈರಾಸಿನಿಂದ ಕುತ್ತಿಗೆ ಒರೆಸಿಕೊಂಡ. ಗುಂಡಿಯ ಅಂಚಿನಲ್ಲಿ ನಿಂತ ಕೋಟಿನವನನ್ನು ಕಂಡು ನಕ್ಕ. "ಎಂತ ಮಾಸ್ಟ್ರೇ, ಕೈ ಹಾಕ್ತೀರಾ?"

ಉಳಿದವರೂ ನಕ್ಕರು. ಸೇಸಪ್ಪ ಪತ್ರವನ್ನು ಎಡಗೈಗೆ ಬದಲಿಸಿ, ಅಂಚಿನ ಹತ್ತಿರ ಬಂದಿದ್ದ ಮರದ ಕೈಯ ಮೇಲೆ ಬಲಗೈಯಿಟ್ಟ. ಬೆವರಿನಿಂದ ಅದು ಒದ್ದೆಯಾಗಿತ್ತು. ತಳ್ಳಲಿಲ್ಲ. ತೆಗೆಯಲೂ ಇಲ್ಲ.

ಹಿಂದೆ ಸ್ಟೇಶನ್ನಿನಲ್ಲಿ ಗಾಡಿ ಹೊರಡುವ ಗಂಟೆ ಹೊಡೆಯಿತು. ಜಲ್ಲಿಯ ಮೇಲೆ ಯಾರೋ ಓಡಿ ಬರುವ ಹೆಜ್ಜೆ. "ಮಾವ," ಎಂದು ಕರೆದ ಹಾಗಾಯಿತು, ಒಂದೇ ಸಲ.

ಅವನು ತಿರುಗದೆ ಎದುರು ನೋಡುತ್ತಿದ್ದ, ಸಹಿಯಿಲ್ಲದ ಪತ್ರ ಎಡಗೈಯಲ್ಲೇ. ಕೂಲಿಯವರು ಕೂತು ಬೀಡಿ ಹಚ್ಚಿದ್ದರು. ಎಂಜಿನಿನ ಮೂತಿಯ ಮುಂದೆ ಗುಂಡಿಯ ಕಲ್ಲಿನ ಗೋಡೆ. ಹಿಂದೆಯೂ ಅದೇ ಗೋಡೆ. ಎರಡು ಕಡೆಯೂ ಹಳಿಯಿರಲಿಲ್ಲ. ಅದರ ಹೊಟ್ಟೆಯೊಳಗೆ ಬೆಂಕಿ ಧಗಧಗ ಉರಿಯುತ್ತಿತ್ತು, ಹೊರಡುವ ಎಂಜಿನಿನಲ್ಲಿ ಉರಿಯುವಷ್ಟೇ.